ಮಾನ್ಯ ವಿದ್ವಾಂಸರು ಬಹುಶಃ ಗಮನಿಸಿಲ್ಲ

ಮಗ್ಗದವರು ಹೊಟ್ಟೆಕಿಚ್ಚಿನ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಅವರ ಶಿಸ್ತು, ವಿದ್ವತ್ತು, ಅಚ್ಚುಕಟ್ಟಾದ ಕೈಬರಹ ಎಲ್ಲವೂ ಬರುತ್ತದೆ, ಓದುವವರು ಮೋಸಹೋಗಬಾರದು. ಸಿಟ್ಟಿನವರು ಸಿಟ್ಟು ಇಳಿದ ಮೇಲಾದರೂ ಬೇರೆ ಮನುಷ್ಯರಾಗುತ್ತಾರೆ. ಹೊಟ್ಟೆಕಿಚ್ಚಿನವರಿಗೆ ಆ ಬಿಡುವಿಲ್ಲ. ಪಕ್ಕದವರ ಕೊಡೆ ತಮ್ಮದಕ್ಕಿಂತ ಸಲೀಸಾಗಿ ಬಿಚ್ಚಿಕೊಂಡರೆ ಆ ದಿನದ ಮಳೆಯೆಲ್ಲ ತಮ್ಮ ತಲೆಯ ಮೇಲೇ ಸುರಿದಂತೆ ಮಗ್ಗದವರು ಮುಖ ಮಾಡಿಕೊಳ್ಳುತ್ತಿದ್ದರು.

ಮಗ್ಗ ಅವರ ಹೆಸರಲ್ಲ, ಅವರ ವಾದ. ಅವರು ಕಾಲೇಜಿನಲ್ಲಿ ಪ್ರಾಚೀನ ಇತಿಹಾಸ ಪಾಠ ಮಾಡುತ್ತಿದ್ದರು. ಅದೇ ವಿಭಾಗದಲ್ಲಿ ಅವರಿಗಿಂತ ಹಿರಿಯರಾಗಿದ್ದವರನ್ನು ಎಲ್ಲರೂ ಬಲೆಯವರು ಎನ್ನುತ್ತಿದ್ದರು. ಈ ಎರಡು ಅಡ್ಡಹೆಸರುಗಳು ಹುಟ್ಟಿದ್ದು ನದಿಯ ದಂಡೆಯ ಅಗೆತದಲ್ಲಿ. ಅಲ್ಲಿ ಹಳೆಯ ಮನೆಗಳ ತಳಪಾಯ ಬೆಳಕಿಗೆ ಬಂದಾಗ ಮಗ್ಗದವರಿನ್ನೂ ವಿದ್ಯಾರ್ಥಿ. ಒಂದು ಕೋಣೆಯ ಗೋಡೆಯ ಬುಡದಲ್ಲಿ ಕುಂಚದಿಂದ ಮಣ್ಣು ಸರಿಸುತ್ತಿದ್ದವರಿಗೆ ಅಂಗೈಯಗಲದ, ನಡುವೆ ತೂತಿದ್ದ ಸುಟ್ಟ ಮಣ್ಣಿನ ಬಿಲ್ಲೆ ಸಿಕ್ಕಿತು. ಅದರ ಪಕ್ಕದಲ್ಲೊಂದು, ಅದರಾಚೆ ಮತ್ತೊಂದು. ಊಟಕ್ಕೂ ಏಳದೆ ಅವರು ಒಂದೊಂದನ್ನೂ ಇದ್ದ ಜಾಗದಲ್ಲೇ ಬಿಟ್ಟು ನಕ್ಷೆ ಬರೆದರು. ಸಂಜೆ ಅಗೆತದ ಉಸ್ತುವಾರಿಯಲ್ಲಿದ್ದ ತರುಣ ಅಧ್ಯಾಪಕರು ಬಂದು ಒಂದು ಬಿಲ್ಲೆ ಎತ್ತಿ, ಅದರ ತೂತಿನಿಂದ ಎಲ್ಲರನ್ನೂ ಒಮ್ಮೆ ನೋಡಿ, "ಯಾರೋ ಮೀನು ಹಿಡಿಯೋಕೆ ಹೊರಟು ಬಲೆ ಮನೇಲೇ ಮರೆತು ಹೋಗಿದಾನೆ ನೋಡ್ರಪ್ಪ" ಎಂದರು. ಎಲ್ಲರೂ ನಕ್ಕರು. ಬಲೆ ನೀರಿನಲ್ಲಿ ಮುಳುಗಲೆಂದು ಅಂಚಿಗೆ ಕಟ್ಟುವ ಭಾರ ಅದು ಎಂಬುದು ಅಂದೇ ಖಾಯಂ ಆಯಿತು. ಕಂಡವರು ಒಬ್ಬರು, ಹೆಸರಿಟ್ಟವರು ಇನ್ನೊಬ್ಬರು. ಆ ನಗು ಮಗ್ಗದವರ ಕಿವಿಯಿಂದ ಕೊನೆಯವರೆಗೂ ಇಳಿಯಲಿಲ್ಲ.

ಅದಾದ ಮೇಲೆ ಅವರೊಂದು ತಪ್ಪು ಮಾಡಿದರು. ತಮ್ಮ ನಕ್ಷೆ ತೋರಿಸಲು ಆ ಅಧ್ಯಾಪಕರನ್ನು ಮನೆಗೆ ಕರೆತಂದರು. ತಾಯಿ ತೀರಿಕೊಂಡ ಮನೆ; ಅಕ್ಕನೇ ತಮ್ಮನನ್ನು ಸಾಕಿ ಬೆಳೆಸಿದ್ದು. ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು ತೋರಿಸುತ್ತಿದ್ದ ಹೊತ್ತಿಗೆ ಅಕ್ಕ ಟೀ ತಂದರು. ಆಮೇಲೆ ನಕ್ಷೆಯನ್ನು ಯಾರೂ ನೋಡಲಿಲ್ಲ. ವರ್ಷ ತುಂಬುವುದರೊಳಗೆ ಬಲೆಯವರು ಭಾವನಾದರು. ಅಕ್ಕ ಹೊಸ ಮನೆಗೆ ಹೊರಟ ದಿನ ತಮ್ಮನಾದವನು ಪೆಟ್ಟಿಗೆಗಳನ್ನು ಸಾಗಿಸಿದನೇ ಹೊರತು ಒಂದು ಮಾತೂ ಆಡಲಿಲ್ಲವಂತೆ. ಕೆಲವು ವರ್ಷ ಬಿಟ್ಟು ಅವರ ಮೊದಲ ಲೇಖನ ಬಂತು. ಬಿಲ್ಲೆಗಳು ಬಲೆಯವಲ್ಲ, ಮಗ್ಗದವು. ನಿಲುವು ಮಗ್ಗದಲ್ಲಿ ಮೇಲಿನಿಂದ ಇಳಿಬಿಟ್ಟ ನೂಲು ಬಿಗಿಯಾಗಿರಲೆಂದು ಕೆಳಗೆ ಕಟ್ಟುತ್ತಿದ್ದ ಭಾರ ಎಂದು ಅದರಲ್ಲಿ ವಾದಿಸಿದ್ದರು.

ಆ ಲೇಖನವೂ, ನಂತರದವೂ ಅಚ್ಚಾದದ್ದು ಇತಿಹಾಸ ಸಂಘದ ತ್ರೈಮಾಸಿಕದಲ್ಲಿ. ಅದರ ಸಂಪಾದಕಿ ನಾನು. ಗ್ರಂಥಾಲಯದ ಹಿಂಬದಿಯ ಕೋಣೆ, ಎರಡು ಮೇಜು, ಗೋಂದಿನ ವಾಸನೆ, ಬಾಗಿಲು ಹಾಕಿದರೆ ಸೆಕೆ, ತೆಗೆದರೆ ಸೈಕಲ್ ನಿಲ್ದಾಣದ ಗದ್ದಲ. ನಮ್ಮಲ್ಲಿ ವಾದಕ್ಕೊಂದು ಕ್ರಮವಿತ್ತು. ಒಬ್ಬರು ಲೇಖನ ಬರೆದರೆ ಎದುರಿನವರಿಗೆ ಒಂದು ಉತ್ತರದ ಹಕ್ಕು. ಉತ್ತರ ನಿಗದಿತ ದಿನದೊಳಗೆ ಬಾರದಿದ್ದರೆ ವಾದ ಮುಗಿದಂತೆ, ಲೇಖನದ ಮಾತೇ ಗೆದ್ದಂತೆ. ಬೈಗುಳ ಬರಕೂಡದು. ಮನೆಮಾತು ಬರಕೂಡದು. ನಂಟಸ್ತಿಕೆ ಹೇಳಕೂಡದು. ಎದುರಿನವರನ್ನು 'ಲೇಖಕರು' ಎನ್ನಬೇಕು. ಬೇಕಿದ್ದರೆ ಗೌರವದ ಪದ ಸೇರಿಸಬಹುದು.

ಬೈಗುಳಕ್ಕೆ ಬಾಗಿಲು ಹಾಕಿದರೆ ಬೈಯುವುದು ನಿಲ್ಲುತ್ತದೆ ಎಂದು ನಂಬಿದವರು ವಿದ್ವಾಂಸರನ್ನು ಹತ್ತಿರದಿಂದ ಕಂಡಿಲ್ಲ. ಮಾರುಕಟ್ಟೆಯಲ್ಲಿ ಇಬ್ಬರು ಕಿತ್ತಾಡಿದರೆ ಮಾತು ಏಕವಚನಕ್ಕೆ ಇಳಿಯುತ್ತದೆ. ನಮ್ಮವರ ಜಗಳ ಏಣಿ ಹತ್ತುತ್ತದೆ. ಮಗ್ಗದವರ ಗೌರವಪದಗಳನ್ನು ನೋಡಿಯೇ ಅವರಿಗೆ ಎಷ್ಟು ಕಿಚ್ಚು ಎದ್ದಿದೆ ಎಂದು ನಾನು ಹೇಳಬಲ್ಲೆ. ಬರೀ 'ಲೇಖಕರು' ಎಂದಿದ್ದರೆ ಆ ವಾರ ಅವರಿಗೆ ನಿದ್ದೆ ಚೆನ್ನಾಗಿ ಬಂದಿದೆ. 'ವಿದ್ವಾಂಸರು' ಎಂದರೆ ಬಲೆಯವರನ್ನು ಯಾರೋ ಭಾಷಣಕ್ಕೆ ಕರೆದಿದ್ದಾರೆ. 'ಮಾನ್ಯ ವಿದ್ವಾಂಸರು' ಎಂದರೆ ಆ ಭಾಷಣಕ್ಕೆ ಜನ ಸೇರಿದ್ದಾರೆ. 'ಪೂಜ್ಯ' ಎಂಬುದನ್ನು ಅವರು ಬಳಸಿದ್ದು ಒಂದೇ ಸಲ, ಬಲೆಯವರು ವಿಭಾಗದ ಮುಖ್ಯಸ್ಥರಾದಾಗ. ಇನ್ನು 'ಬಹುಶಃ'. ಉಳಿದವರ ಬರಹದಲ್ಲಿ ಅದು ವಿನಯ. ಮಗ್ಗದವರ ಬರಹದಲ್ಲಿ ಚೂರಿ. 'ಬಹುಶಃ ಅವರು ಮೂಲ ನಕ್ಷೆಯನ್ನು ನೋಡಿರಲಾರರು.' ನೋಡಿದ್ದಾರೆಂದು ಅವರಿಗೆ ಗೊತ್ತು. ತಮ್ಮದೇ ಮನೆಯ ಮೇಜಿನ ಮೇಲೆ, ಟೀ ಬರುವ ಮುಂಚೆ.

ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ನಮ್ಮ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದ ಮುದುಕ 'ಮಾನ್ಯ ವಿದ್ವಾಂಸರು ಬಹುಶಃ ಗಮನಿಸಿಲ್ಲ' ಎಂಬ ಸಾಲನ್ನು ಬಿಚ್ಚದೆ ದಾರ ಸುತ್ತಿ ಒಂದು ಕಡೆ ಇಟ್ಟುಬಿಟ್ಟಿದ್ದ. ಏಕೆ ಎಂದು ಕೇಳಿದೆ. "ಬಿಚ್ಚೋದು ದಂಡ ಅಮ್ಮ. ಮೂರು ತಿಂಗಳಿಗೆ ಅವರೇ ಬಂದು ಕೇಳ್ತಾರೆ" ಎಂದ.

ಬಲೆಯವರ ಬರಹದಲ್ಲಿ 'ಬಹುಶಃ' ಎಲ್ಲೂ ಇರುತ್ತಿರಲಿಲ್ಲ. 'ನಾನು ತಪ್ಪಿರಬಹುದು, ಹಿಂದೆಯೂ ತಪ್ಪಿದ್ದೇನೆ, ನನ್ನ ಹೆಂಡತಿ ಸಾಕ್ಷಿ' ಎಂದು ಬರೆದು ಕಳಿಸುವ ಜನ. ಹೆಂಡತಿಯ ಸಾಕ್ಷಿಯನ್ನು ನಾನು ಹೊಡೆದುಹಾಕುತ್ತಿದ್ದೆ. ಅವರ ಪ್ರತಿ ಉತ್ತರವೂ 'ನನ್ನ ಭಾವಮೈದ ಹೇಳುವುದೇನೆಂದರೆ' ಎಂದೇ ಶುರುವಾಗುತ್ತಿತ್ತು. ಪ್ರತಿ ಸಲವೂ ನನ್ನ ಪೆನ್ಸಿಲ್ ಅದನ್ನು 'ಲೇಖಕರು' ಎಂದು ತಿದ್ದುತ್ತಿತ್ತು. ಅವರು ಎಂದೂ ತಕರಾರು ಮಾಡಲಿಲ್ಲ, ಮುಂದಿನ ಸಲ ಮತ್ತೆ ಹಾಗೆಯೇ ಬರೆಯುತ್ತಿದ್ದರು. ತಿದ್ದುವ ಮುಂಚಿನ ಪ್ರತಿಯನ್ನು ಎದುರಿನವರಿಗೆ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ.

ಮಗ್ಗದವರಿಗೆ ಸಹಿಸಲಾಗದೆ ಹೋದದ್ದು ಬಲೆಯವರ ವಾದವಲ್ಲ, ಆ ಸಲೀಸು. ತಪ್ಪೊಪ್ಪಿಕೊಂಡರೂ ಬಲೆಯವರ ಮರ್ಯಾದೆ ಹೆಚ್ಚುತ್ತಿತ್ತು. ತಾವು ಸರಿಯೆಂದು ಸಾಧಿಸಿ ತೋರಿಸಿದರೂ ಮಗ್ಗದವರಿಂದ ಜನ ದೂರ ಸರಿಯುತ್ತಿದ್ದರು. "ತಪ್ಪಾಯ್ತು ಅನ್ನೋದೂ ಅವರಿಗೊಂದು ಶೋಕಿ ಮೇಡಂ" ಎಂದು ನನ್ನ ಮೇಜಿನ ಮುಂದೆ ನಿಂತು ಒಮ್ಮೆ ಹೇಳಿದರು. "ನಾವು ಹಾಗಂದ್ರೆ ಕೆಲಸ ಹೋಗುತ್ತೆ. ಅವರು ಅಂದ್ರೆ ಚಪ್ಪಾಳೆ."

ಇದೆಲ್ಲ ಅಚ್ಚಿನಲ್ಲಿ. ಮನೆಯ ಕಥೆ ಬೇರೆ. ಭಾನುವಾರದ ಊಟ ಅಕ್ಕನ ಮನೆಯಲ್ಲೇ ಆಗಬೇಕೆಂಬುದು ಅಕ್ಕನ ಕಟ್ಟಪ್ಪಣೆ. ನಾನೂ ಕೆಲವು ಸಲ ಆ ಮೇಜಿಗೆ ಕುಳಿತವಳು. ಮಗ್ಗ, ಬಲೆ ಎರಡು ಪದಗಳನ್ನೂ ಅಕ್ಕ ಆ ಮನೆಯಲ್ಲಿ ನಿಷೇಧಿಸಿದ್ದರು. "ಆಡೋದಿದ್ರೆ ಮೇಡಂ ಪತ್ರಿಕೆಯಲ್ಲಿ ಆಡ್ಕೊಳ್ಳಿ, ಅಲ್ಲಿ ಪಾತ್ರೆ ತೊಳೆಯೋದಿಲ್ಲ" ಎನ್ನುವರು. ಹಾಗಾಗಿ ಭಾವ ಭಾವಮೈದರು ಮಂಡಿನೋವು, ನಲ್ಲಿಯ ಸೋರಿಕೆ, ಬಸ್ಸಿನ ಹೊಸ ವೇಳೆ ಇಂಥವನ್ನೇ ಮಾತಾಡುವರು. ಹಿಂದಿನ ವಾರ 'ಮಾನ್ಯ ವಿದ್ವಾಂಸರಿಗೆ ನದಿಯ ಪರಿಚಯವೇ ಇದ್ದಂತಿಲ್ಲ' ಎಂದು ಬರೆದವರು "ಭಾವ, ಉಪ್ಪು ಆ ಕಡೆ ಇದೆ" ಎಂದು ಉಪ್ಪು ದಾಟಿಸುವರು. ಆದರೆ ಕಣ್ಣು ಸುಮ್ಮನಿರುತ್ತಿರಲಿಲ್ಲ. ಅಕ್ಕ ಯಾರ ತಟ್ಟೆಗೆ ಮೊದಲು ಬಡಿಸಿದರು, ಯಾರ ಜೋಕಿಗೆ ಹೆಚ್ಚು ನಕ್ಕರು, ಯಾರ ಕೆಮ್ಮಿಗೆ ನೀರು ತಂದರು, ಎಲ್ಲ ಲೆಕ್ಕವೂ ನಡೆಯುತ್ತಿತ್ತು. ಮಗ್ಗದವರ ಹೆಂಡತಿಗೆ ಔಷಧಿ ಅಂಗಡಿ. ಆಕೆಗೆ ಗಂಡನ ಬಗ್ಗೆ ಭ್ರಮೆ ಇರಲಿಲ್ಲ. "ಹೊಟ್ಟೆ ಉರಿಗೆ ನನ್ನಂಗಡೀಲಿ ಮಾತ್ರೆ ಇದೆ ಮೇಡಂ. ಇವರಿಗಿರೋದು ಆ ಉರಿಯಲ್ಲ" ಎಂದು ಒಮ್ಮೆ ಗಂಡನ ಮುಂದೆಯೇ ಹೇಳಿದಳು. ಬಲೆಯವರು ಜೋರಾಗಿ ನಕ್ಕರು. ಆ ನಗು ಕೇಳಿ ಮಗ್ಗದವರು ತಟ್ಟೆಯನ್ನು ಒಂದು ಗೇಣು ಈಚೆಗೆ ಎಳೆದುಕೊಂಡರು.

ಹೀಗೆಯೇ ನಡೆದುಕೊಂಡು ಹೋಗುತ್ತಿತ್ತೇನೋ. ಇಬ್ಬರೂ ನಿವೃತ್ತರಾದರು, ಕೂದಲು ಬೆಳ್ಳಗಾಯಿತು, ಮುದ್ರಣಾಲಯಕ್ಕೆ ಕಂಪ್ಯೂಟರ್ ಬಂತು. ಆಗ ಸಂಗ್ರಹಾಲಯದಲ್ಲಿ ಹೊಸ ಪ್ರದರ್ಶನಾಂಗಣ ತೆರೆಯುವ ಮಾತು ಎದ್ದಿತು. ನದಿ ದಂಡೆಯ ವಸ್ತುಗಳೆಲ್ಲ ಅಲ್ಲಿಗೆ ಹೋಗುತ್ತವೆ, ಬಿಲ್ಲೆಗಳೂ. ಇಷ್ಟು ವರ್ಷ ಅವು ಹಿಂದಿನ ಕಪಾಟಿನಲ್ಲಿ, 'ಸುಟ್ಟ ಮಣ್ಣಿನ ಬಿಲ್ಲೆಗಳು. ಉಪಯೋಗ ಖಚಿತವಿಲ್ಲ' ಎಂಬ ಹಳದಿ ಚೀಟಿಯ ಹಿಂದೆ ಕುಳಿತಿದ್ದವು. ಹೊಸ ಗಾಜಿನ ಪೆಟ್ಟಿಗೆಗೆ ಖಚಿತವಾದ ಚೀಟಿ ಬೇಕೆಂದು ಮೇಲ್ವಿಚಾರಕರು ಪಟ್ಟುಹಿಡಿದರು. ನಾನೂ ಇದ್ದ ಸಂಗ್ರಹಾಲಯದ ಸಮಿತಿಯು, ನಮ್ಮ ಪತ್ರಿಕೆಯಲ್ಲಿ ಕೊನೆಗೆ ಯಾವ ವಾದ ನಿಲ್ಲುತ್ತದೋ ಅದೇ ಚೀಟಿಯ ಮೇಲೆ ಎಂದು ತೀರ್ಮಾನಿಸಿತು.

ಒಂದು ಚೀಟಿ. ಬೆರಳಗಲದ ಮೂರು ಸಾಲು. ಇಬ್ಬರಲ್ಲಿ ಒಬ್ಬರ ಬದುಕು ಆ ಪೆಟ್ಟಿಗೆಯ ಒಳಗೆ, ಇನ್ನೊಬ್ಬರದು ಹೊರಗೆ. ಮಗ್ಗದವರು ಆ ಚೀಟಿಗಾಗಿ ತಮ್ಮ ಬದುಕಿನ ಅತ್ಯುತ್ತಮ ಲೇಖನ ಬರೆದರು. ವಿದ್ಯಾರ್ಥಿಯಾಗಿದ್ದಾಗ ಬರೆದ ನಕ್ಷೆಯನ್ನು ಈ ಸಲ ಪೂರ್ತಿಯಾಗಿ ಅಚ್ಚುಹಾಕಿಸಿದರು. ಬಿಲ್ಲೆಗಳು ರಾಶಿಯಾಗಿ ಬಿದ್ದಿರಲಿಲ್ಲ. ಗೋಡೆಯ ಬುಡದಲ್ಲಿ ನೇರ ಸಾಲಾಗಿ, ಸಮ ಅಂತರದಲ್ಲಿ ಬಿದ್ದಿದ್ದವು. ಗೋಡೆಗೆ ಒರಗಿಸಿದ್ದ ಮಗ್ಗದ ಮರ ಕೊಳೆತು ಹೋಯಿತು, ನೂಲು ಮಣ್ಣಾಯಿತು, ಬಿಲ್ಲೆಗಳು ನೇತಾಡುತ್ತಿದ್ದ ಜಾಗದಿಂದ ನೆಟ್ಟಗೆ ಕೆಳಗೆ ಬಿದ್ದವು. ಮೀನು ಹಿಡಿಯುವ ಬಲೆ ಮನೆಯೊಳಗೆ ಸಾಲುಗಟ್ಟಿ ಏಕೆ ಬೀಳುತ್ತದೆ? 'ಮಾನ್ಯ ವಿದ್ವಾಂಸರು ಈ ಸಾಲನ್ನು ಬಹುಶಃ ಗಮನಿಸಿಲ್ಲ.' ಓದಿ ಮುಗಿಸಿದಾಗ ಇದಕ್ಕೆ ಉತ್ತರವಿಲ್ಲ ಎಂದು ನನಗೂ ಅನಿಸಿತು.

ಲೇಖನ ಅಚ್ಚಾಗಿ ಬಂದ ಕೆಲವೇ ದಿನಕ್ಕೆ ಬಲೆಯವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಆಸ್ಪತ್ರೆಯಿಂದ ಮನೆಗೆ ತಂದರು. ಕಣ್ಣು ಚುರುಕಾಗಿತ್ತು, ಹೇಳಿದ್ದು ತಿಳಿಯುತ್ತಿತ್ತು. ಬಾಯಿಂದ ಹೊರಡುತ್ತಿದ್ದದ್ದು ಹೂಂ, ಊಹೂಂ ಎರಡೇ.

ಮಗ್ಗದವರು ದಿನಾ ಅಕ್ಕನ ಮನೆಗೆ ಹೋಗತೊಡಗಿದರು. ಭಾವನನ್ನು ಎತ್ತಿ ಕೂರಿಸುವುದು, ಗಡ್ಡ ಹೆರೆಯುವುದು, ಪತ್ರಿಕೆ ಓದಿಹೇಳುವುದು. ಸಂಗ್ರಹಾಲಯದ ಮೇಲ್ವಿಚಾರಕರು ನನ್ನೆದುರು, ಹೋಗುವುದು ನೋಡಿಕೊಳ್ಳಲು ಅಲ್ಲ, ನೋಡಿ ಬರಲು ಎಂದು ಕುಹಕವಾಡಿದರು. ಅದನ್ನು ತಳ್ಳಿಹಾಕಲು ನನ್ನ ಬಳಿ ಕಾರಣವಿರಲಿಲ್ಲ. ಉತ್ತರದ ಗಡುವು ಹತ್ತಿರವಾದಾಗ ನಾನೇ ಮಗ್ಗದವರನ್ನು ಕರೆಸಿದೆ. ಇಂಥ ಸಂದರ್ಭದಲ್ಲಿ ಒಂದು ಸಂಚಿಕೆ ಮುಂದೂಡಬಹುದು, ಎದುರು ಪಕ್ಷದವರು ಒಪ್ಪಿದರೆ ಸಾಕು ಎಂದೆ. ಅವರು ಕುರ್ಚಿಯ ಹಿಂಬದಿ ಹಿಡಿದು ನಿಂತೇ ಇದ್ದರು.

"ನಾನೆಂದಾದ್ರೂ ಮುಂದೂಡಿ ಅಂದಿದ್ನಾ ಮೇಡಂ? ನನ್ನ ಹೆಂಡತಿಗೆ ಆಪರೇಷನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಉತ್ತರ ಬರೆದಿದೀನಿ. ಗಡುವು ಗಡುವೇ."

"ಅವರಿಗೆ ಕೈಯೇ ಇಲ್ಲವಲ್ಲ ಈಗ."

"ಇಷ್ಟು ವರ್ಷ ಇತ್ತಲ್ಲ" ಎಂದು ಹೊರಟುಹೋದರು.

ನಾನು ಮೊದಲ ಸಾಲಿನಲ್ಲಿ ಹೇಳಿದ್ದನ್ನು ಅಂದು ಇನ್ನೊಮ್ಮೆ ಮನಸ್ಸಿನಲ್ಲಿ ಹೇಳಿಕೊಂಡೆ. ಮೇಲ್ವಿಚಾರಕರಿಗೆ ಹೊಸ ಚೀಟಿಯ ಮಾತುಗಳನ್ನು ಸಿದ್ಧಮಾಡಿಕೊಳ್ಳಬಹುದೆಂದು ತಿಳಿಸಿದೆ.

ಗಡುವಿನ ದಿನ ಮಧ್ಯಾಹ್ನ ಮಗ್ಗದವರು ಮತ್ತೆ ಬಂದರು. ಬಗಲಿನ ಚೀಲದಿಂದ ಕೆಲವು ಹಾಳೆ ತೆಗೆದು ಮೇಜಿನ ಮೇಲಿಟ್ಟು, "ಉತ್ತರ" ಎಂದರು. ಯಾರದು ಎಂದು ಕೇಳದೆ ಓದಿದೆ. ಅಕ್ಷರ ಅವರದೇ. ಮಾತು ಅವರದಾಗಿರಲಿಲ್ಲ. 'ಮಾನ್ಯ' ಇಲ್ಲ, 'ಬಹುಶಃ' ಇಲ್ಲ. ವಾಕ್ಯಗಳು ಚಿಕ್ಕವು, ನಗುಮುಖದವು. ಸಾರ ಇಷ್ಟೇ: ಲೇಖಕರ ನಕ್ಷೆ ನಿಜ, ಸಾಲು ನಿಜ, ಅಷ್ಟು ಚೆನ್ನಾಗಿ ಯಾರೂ ಬರೆಯಲಾರರು. ಆದರೆ ಒದ್ದೆ ಬಲೆಯನ್ನು ಯಾರೂ ಮಡಚಿಡುವುದಿಲ್ಲ. ಗೋಡೆಯ ಗೂಟಗಳಿಗೆ ಉದ್ದಕ್ಕೆ ಒಣಹಾಕುತ್ತಾರೆ. ಮನೆಯವರು ಬಿಟ್ಟುಹೋದರೆ, ಬಲೆ ಕೊಳೆತರೆ, ಅಂಚಿನ ಭಾರಗಳು ಗೋಡೆಯ ಬುಡಕ್ಕೆ ಸಾಲಾಗಿಯೇ ಬೀಳುತ್ತವೆ. 'ಹಾಗಾಗಿ ಈ ಸಾಲು ನಮ್ಮಿಬ್ಬರಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ. ನಾನು ತಪ್ಪಿರಬಹುದು. ಹಿಂದೆಯೂ ತಪ್ಪಿದ್ದೇನೆ, ನನ್ನ ಹೆಂಡತಿ ಸಾಕ್ಷಿ.'

"ಇದು ಯಾರು ಬರೆದದ್ದು?"

"ಭಾವ."

"ಅವರಿಗೆ ಮಾತು ಬರಲ್ಲ."

"ಹೂಂ, ಊಹೂಂ ಬರುತ್ತೆ. ಇದಕ್ಕೆ ಅಷ್ಟು ಸಾಕು."

ಮತ್ತೆ ಕೇಳಿದ ಮೇಲೆ ಹೇಳಿದರು. ಮಳೆ ಹಿಡಿದಿದ್ದರಿಂದ ಅಕ್ಕ ರೋಗಿಯ ಹೊದಿಕೆಗಳನ್ನು ಆ ಕೋಣೆಯಲ್ಲೇ, ಗೋಡೆಯುದ್ದಕ್ಕೆ ಕಟ್ಟಿದ ಹಗ್ಗದ ಮೇಲೆ ಒಣಹಾಕಿದ್ದರು. ಅವಸರದಲ್ಲಿ ಒಂದನ್ನು ಎಳೆದಾಗ ಹಗ್ಗದ ಕ್ಲಿಪ್ಪುಗಳೆಲ್ಲ ಪಟಪಟನೆ ಕಳಚಿ ಗೋಡೆಯ ಬುಡಕ್ಕೆ ಬಿದ್ದವು, ಒಂದರ ಪಕ್ಕ ಒಂದು. ಬಲೆಯವರು ಹಾಸಿಗೆಯಿಂದ ಅದನ್ನು ನೋಡಿದರು. ಎಡಗೈ ಎತ್ತಿ ಕ್ಲಿಪ್ಪುಗಳ ಕಡೆ, ಆಮೇಲೆ ಭಾವಮೈದನ ಕಡೆ, ಮತ್ತೆ ಕ್ಲಿಪ್ಪುಗಳ ಕಡೆ ತೋರಿಸಿ ಹೂಂ ಹೂಂ ಎನ್ನತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಗು.

"ಅಕ್ಕ ನೀರು ಬೇಕಾ ಅಂದ್ಲು. ನರ್ಸು ದಿಂಬು ಸರಿಮಾಡಿದ್ಲು. ನನಗೊಬ್ಬನಿಗೆ ಅರ್ಥ ಆಯ್ತು." ಚೀಲದ ಬಾಯಿ ಮುಚ್ಚಿ ಮುಂದುವರಿಸಿದರು. "ಮಾತು ಹೋದಮೇಲೂ ಬಿಡಲಿಲ್ಲ ನೋಡಿ ಮೇಡಂ. ಮಲಗಿದ ಕಡೆಯಿಂದಲೇ ನನ್ನ ಗೋಡೆ ಕೆಡವಿದ್ರು. ನಾನು ಆ ಸಾಲಿನ ಮುಂದೆ ಇಡೀ ಆಯುಷ್ಯ ಕೂತಿದೀನಿ. ಇಷ್ಟು ಸುಲಭದ್ದು ನನಗೆ ಹೊಳೀಲಿಲ್ಲ, ಅವರಿಗೆ ಹೊಳೀತು."

ಅವರ ಮುಖದಲ್ಲಿದ್ದದ್ದು ಅದೇ ಹಳೆಯ ಕಿಚ್ಚು, ಒಂದು ಕಿಡಿಯೂ ಕಡಿಮೆಯಿರಲಿಲ್ಲ.

"ಇದು ಅಚ್ಚಾದರೆ ಚೀಟಿ ನಿಮ್ಮದಾಗಲ್ಲ" ಎಂದೆ.

"ಗೊತ್ತು. ಹಳದಿ ಚೀಟಿಯೇ ಉಳಿಯುತ್ತೆ." ಮತ್ತೆ, "ಅವರದೂ ಆಗಲ್ಲ. ಅದೊಂದು ಸಮಾಧಾನ."

ಬರೆದದ್ದು ಹೇಗೆಂದು ಕೇಳಿದೆ. ಒಂದೊಂದೇ ವಾಕ್ಯ ಓದಿಹೇಳಿದರಂತೆ. 'ಬಹುಶಃ' ಬಂದಲ್ಲೆಲ್ಲ ಭಾವ ಊಹೂಂ. ಹೊಡೆದು ಮತ್ತೆ ಓದಿದರೆ ಹೂಂ. ಹೆಂಡತಿಯ ಸಾಕ್ಷಿ ಮಾತ್ರ ಅಕ್ಕನೇ ಹೇಳಿಕೊಟ್ಟದ್ದು. ಅದಿಲ್ಲದೆ ತಮ್ಮ ಗಂಡ ಏನನ್ನೂ ಮುಗಿಸಿದವರಲ್ಲ ಎಂದರಂತೆ. ಎಲ್ಲಕ್ಕಿಂತ ಹೊತ್ತು ಹಿಡಿದದ್ದು ಮೊದಲ ಸಾಲು. "ಲೇಖಕರು ಅಂತ ಓದಿದೆ, ಊಹೂಂ. ವಿದ್ವಾಂಸರು ಅಂದೆ, ಊಹೂಂ. ಮಾನ್ಯ ಸೇರಿಸಿದೆ, ಮುಖ ತಿರುಗಿಸಿಬಿಟ್ರು. ನಮ್ಮ ಪತ್ರಿಕೆಯಲ್ಲಿ ಇನ್ನು ಬೇರೆ ಏನಿದೆ ಮೇಡಂ, ನೀವೇ ಹೇಳಿ. ಕೊನೆಗೆ ಬೇಸತ್ತು, ಮತ್ತೇನಂತ ಕರೀತೀರಿ ನನ್ನ, ಭಾವಮೈದ ಅಂತಲಾ ಅಂದೆ."

ಬೆರಳಿನಿಂದ ಮೊದಲ ಹಾಳೆಯನ್ನು ತೋರಿಸಿದರು.

ನಾನು ಹಾಳೆಗಳನ್ನು ಮೊದಲಿಗೆ ತಿರುಗಿಸಿ ಪೆನ್ಸಿಲ್ ತೆಗೆದುಕೊಂಡೆ. 'ನನ್ನ ಭಾವಮೈದ ಹೇಳುವುದೇನೆಂದರೆ' ಎಂದು ಶುರುವಾಗಿತ್ತು. ನಿಯಮ ಇಬ್ಬರಿಗೂ ಗೊತ್ತಿತ್ತು. ಇನ್ನೊಬ್ಬರ ಬರಹದಲ್ಲಿ ನಿಯಮ ತಪ್ಪಿದ್ದನ್ನು ನನಗೆ ಬೆರಳಿಟ್ಟು ತೋರಿಸಿದವರಲ್ಲಿ ಇವರಿಗಿಂತ ಶ್ರದ್ಧಾವಂತರು ಯಾರೂ ಇರಲಿಲ್ಲ. ಪೆನ್ಸಿಲಿನ ಮೊನೆ ಹಾಳೆಗೆ ತಾಗುವ ಮುಂಚೆ ಮಗ್ಗದವರು ಮೇಜಿನಾಚೆಯಿಂದ ಬಾಗಿ ಆ ಪದದ ಮೇಲೆ ಅಂಗೈ ಇಟ್ಟರು. ನಾನು ಕಾದೆ. ಅವರು ಕೈ ತೆಗೆಯಲಿಲ್ಲ.